ಮೊದಲ ಲೋಡಿನ ಟ್ಯಾಂಕುಗಳು

ಟ್ಯಾಂಕಿನೊಳಗೆ ಹಲ್ಲಿ ಸೇರಿಕೊಂಡಿದೆ ಎಂದು ಕಾರ್ಖಾನೆಯ ಯಜಮಾನರು ನನ್ನನ್ನು ಗೋಡೌನಿಗೆ ಕೂಗಿ ಕರೆದರು. ಡಿಸೆಂಬರಿನ ಬೆಳಿಗ್ಗೆ, ಹೊಸೂರಿನ ಮಂಜು ಇನ್ನೂ ಕರಗಿರಲಿಲ್ಲ. ಸಾಲಾಗಿ ನಿಲ್ಲಿಸಿದ್ದ ಟ್ಯಾಂಕುಗಳ ಮಧ್ಯೆ ಅವರು ಒಂದಕ್ಕೆ ಕಿವಿ ಹಚ್ಚಿಕೊಂಡು ನಿಂತಿದ್ದರು.

"ಕೇಳಿ ಮೇಡಂ, ಟಿಕ್ ಅಂತದೆ. ಸ್ವಲ್ಪ ಹೊತ್ತು ಸುಮ್ಕಿರ್ತದೆ, ಆಮೇಲೆ ಇನ್ನೊಂದ್ ಟ್ಯಾಂಕಲ್ಲಿ ಟಿಕ್ ಅಂತದೆ. ಒಂದ್ ಹಲ್ಲಿ ಅಲ್ಲಿಂದಿಲ್ಲಿಗೆ ಹೆಂಗ್ ಹೋಯ್ತದೆ?"

ಬ್ಯಾಟರಿ ಹಾಕಿ ಒಳಗೆ ಇಣುಕಿದೆ. ಹಲ್ಲಿ ಇರಲಿಲ್ಲ. ಕಪ್ಪು ನೀಲಿ ಗಾಜಿನ ಒಳಮೈಯಲ್ಲಿ ಅಲ್ಲಲ್ಲಿ ಉಗುರಿನಷ್ಟು ಅಗಲದ ಅರ್ಧಚಂದ್ರಗಳು ಎದ್ದುಹೋಗಿದ್ದವು. ನಾನು ನೋಡುತ್ತಿರುವಾಗಲೇ ಇನ್ನೊಂದು ಚೂರು ಟಿಕ್ ಎಂದು ಸಿಡಿದು ನನ್ನ ಕನ್ನಡಕಕ್ಕೆ ಬಡಿಯಿತು. ಅವೇ ಟ್ಯಾಂಕುಗಳನ್ನು ಎರಡು ದಿನ ಮುಂಚೆ ನಾನೇ ಒಂದೊಂದಾಗಿ ನೋಡಿ, ಕನ್ನಡಿಯ ಹಾಗಿವೆ ಎಂದು ಹೊಗಳಿ, ಪಾಸು ಮಾಡಿದ್ದೆ.

ನಮ್ಮದು ಗೀಸರ್ ಒಳಗೆ ಕೂರುವ ಉಕ್ಕಿನ ಟ್ಯಾಂಕು ಮಾಡುವ ಸಣ್ಣ ಕಾರ್ಖಾನೆ. ಬರಿಯ ಉಕ್ಕಿಗೆ ಬೋರ್‌ವೆಲ್ ನೀರು ತಾಕಿದರೆ ಬೇಗ ತುಕ್ಕು ತಿಂದುಹಾಕುತ್ತದೆ, ಹಾಗಾಗಿ ಒಳಮೈಗೆ ಗಾಜು ಹಚ್ಚುತ್ತೇವೆ. ಗಾಜಿನ ಪುಡಿಗೆ ಜೇಡಿಮಣ್ಣು, ನೀರು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಅರೆದು, ಸ್ಪ್ರೇ ಮಾಡಿ, ಒಣಗಿಸಿ, ಎಂಟುನೂರು ಚಿಲ್ಲರೆ ಡಿಗ್ರಿಯ ಫರ್ನೇಸಿನಲ್ಲಿ ಇಡುತ್ತೇವೆ. ಅದನ್ನು ನಾವೆಲ್ಲ ಒಲೆ ಎಂದೇ ಕರೆಯುವುದು. ಒಲೆಯೊಳಗೆ ಪುಡಿ ಕರಗಿ, ಹರಡಿ, ಉಕ್ಕನ್ನು ಅಪ್ಪಿಕೊಳ್ಳಬೇಕು. ಮನೆಯಲ್ಲಿ ದೋಸೆ ಹೆಂಚಿಗೆ ಅಂಟಬಾರದು ಎಂದು ಒದ್ದಾಡುತ್ತೇವೆ, ಕಾರ್ಖಾನೆಯಲ್ಲಿ ಅಂಟಲಿ ಎಂದು ಒದ್ದಾಡುತ್ತೇವೆ.

ಕರಗಿದ ಗಾಜಿಗೆ ಬೋಳು ಲೋಹ ಕಂಡರೆ ಆಗುವುದಿಲ್ಲ. ಹನಿಹನಿಯಾಗಿ ಮುದುಡಿ ಕೂರುತ್ತದೆ. ಅದೇ ಲೋಹದ ಮೇಲೆ ತುಕ್ಕಿನ ಒಂದು ತೆಳ್ಳನೆಯ ಪೊರೆ ಇದ್ದರೆ ಗಾಜು ಆ ಪೊರೆಯನ್ನು ತನ್ನೊಳಗೆ ಕರಗಿಸಿಕೊಂಡು, ಕೆಳಗಿನ ಉಕ್ಕನ್ನು ಸ್ವಲ್ಪ ಕೊರೆದು, ಆ ತರಿಗಳಲ್ಲಿ ಬೇರು ಬಿಡುತ್ತದೆ. ಪುಡಿಯಲ್ಲಿ ಬೆರೆಸುವ ಚೂರು ಕೋಬಾಲ್ಟು ಈ ಕೆಲಸಕ್ಕೆ ಒತ್ತಾಸೆ. ಪೊರೆ ದಪ್ಪವಾದರೆ ಗಾಜು ಪೊರೆಯ ಸಮೇತ ಕಳಚುತ್ತದೆ, ಪೊರೆ ಇಲ್ಲದಿದ್ದರೆ ಹತ್ತಿರವೇ ಬರುವುದಿಲ್ಲ. ನಾನು ಓದಿದ್ದು ಇದನ್ನೇ, ಸಂಬಳ ತೆಗೆದುಕೊಳ್ಳುವುದೂ ಇದಕ್ಕೇ.

ಹಾಗಾಗಿ ಮೊದಲು ನೋಡಿದ್ದು ಹಿಡಿತವನ್ನು. ಟ್ಯಾಂಕಿನಿಂದ ತುಂಡು ಕತ್ತರಿಸಿ ಮೇಲಿನಿಂದ ಉಕ್ಕಿನ ಗುಂಡು ಬಿಟ್ಟೆ. ಗಾಜು ಒಡೆದ ಜಾಗದಲ್ಲಿ ಉಕ್ಕು ಬೆಳ್ಳಗೆ ಹೊಳೆದರೆ ಹಿಡಿತ ಕೆಟ್ಟದ್ದು, ಕಪ್ಪು ಕಸರು ಉಳಿದರೆ ಗಟ್ಟಿ. ಕಪ್ಪಾಗಿಯೇ ಉಳಿದಿತ್ತು. ಉಳಿಯಿಂದ ಕೆರೆದರೂ ಬರಲಿಲ್ಲ. ಇಷ್ಟು ಬಿಗಿಯಾಗಿ ಹಿಡಿದ ಗಾಜು ಯಾರೂ ಮುಟ್ಟದಿದ್ದರೂ ಎರಡು ದಿನ ಬಿಟ್ಟು ತಾನೇ ತಾನಾಗಿ ಯಾಕೆ ಸಿಡಿಯಬೇಕು? ತಲೆ ಕೆಟ್ಟುಹೋಯಿತು.

ಯಜಮಾನರಿಗೆ ತಲೆ ಕೆಡಲಿಲ್ಲ, ಅವರಿಗೆ ಕಾರಣ ಆಗಲೇ ಸಿಕ್ಕಿತ್ತು. ಟ್ಯಾಂಕುಗಳ ಮೇಲಿನ ಸೀಮೆಸುಣ್ಣದ ಗುರುತು ನೋಡಿದರೆ ಸಿಡಿದವೆಲ್ಲ ಬೆಳಗಿನ ಮೊದಲ ಲೋಡಿನವು. ಹಿಂದಿನ ಸಂಜೆ ಸ್ಪ್ರೇ ಮಾಡಿದವು ರಾತ್ರಿ ಒಣಗಿ ಬೆಳಿಗ್ಗೆ ಮೊದಲು ಒಲೆಗೆ ಹೋಗುತ್ತವೆ. ಸಂಜೆಯ ಬ್ಯಾಚು ಯಾವತ್ತೂ ಒಬ್ಬಳದೇ, ರಾಯಕೋಟೆ ಅಕ್ಕನದು.

"ಅಕ್ಕಂಗೆ ವಯಸ್ಸಾಯ್ತು ಮೇಡಂ. ಸಾಯಂತ್ರ ಆದ್ರೆ ಕೈ ಸೋಲ್ತದೆ, ಒಂದ್ಕಡೆ ದಪ್ಪ ಒಂದ್ಕಡೆ ತೆಳು ಬೀಳ್ತದೆ. ಪ್ಯಾಕಿಂಗಿಗೆ ಹಾಕ್ಬುಡಾನ. ಬರೋ ತಿಂಗಳ ಕೊನೇಲಿ ಟ್ಯಾಂಕ್ ತಗೊಳ್ಳೋ ಪಾರ್ಟಿ ಕಡೆಯೋರು ನೋಡೋಕ್ ಬತ್ತಾರೆ, ಅವ್ರ ಮುಂದೆ ಟಿಕ್ ಅಂದ್ರೆ ನನ್ ಮಾನ ಹೋಯ್ತದೆ."

ಅಕ್ಕ ಈ ಕಾರ್ಖಾನೆ ಶುರುವಾದಾಗಿನಿಂದ ಸ್ಪ್ರೇ ಗನ್ನು ಹಿಡಿದವಳು. ರಾಯಕೋಟೆಯಿಂದ ಮೊದಲ ಬಸ್ಸಿಗೆ ಬಂದು, ಸೀರೆಯ ಮೇಲೆ ಗಂಡಸರ ಶರಟು ತೊಟ್ಟು, ಮುಖಕ್ಕೆ ಟವೆಲು ಬಿಗಿದು, ಗನ್ನು ಹಿಡಿದಳೆಂದರೆ ಯಾರ ಮಾತೂ ಕಿವಿಗೆ ಬೀಳದು. ಟ್ಯಾಂಕಿನ ಬಾಯೊಳಗೆ ಮೊಳಕೈವರೆಗೆ ತೂರಿಸಿ, ಕಣ್ಣಿಗೆ ಕಾಣದ ತಳಕ್ಕೂ ಒಂದೇ ಹದಕ್ಕೆ ಹಿಟ್ಟು ಕೂರಿಸುವ ಕೈ ಅದು. ಹೊಸಬರಿಗೆ ಕಲಿಸುವಾಗ ಅವಳು ಬೈಯುವ ಬೈಗುಳ ಮೂರು ಭಾಷೆಯಲ್ಲಿರುತ್ತದೆ. ಅವಳನ್ನು ರಟ್ಟಿನ ಡಬ್ಬಕ್ಕೆ ಟೇಪು ಸುತ್ತಲು ಕೂರಿಸುವುದೆಂದರೆ ನನಗೇ ನೋಡಲಾಗದ ಸಂಗತಿ. ಕೈ ಸರಿಯಿಲ್ಲ ಅನ್ನಿಸಿಕೊಂಡು ಅವಳು ಎದ್ದುಹೋಗಬಾರದು ಎಂಬುದು ಅವತ್ತಿನಿಂದ ನನ್ನ ಹಟವಾಯಿತು.

ಅಕ್ಕನಿಗೆ ಸುದ್ದಿ ಮುಟ್ಟಿತ್ತು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ನನ್ನ ಮೇಜಿನ ಮುಂದೆ ಬಂದು ಎರಡೂ ಕೈ ಚಾಚಿದಳು. "ನೋಡಮ್ಮ, ನಡುಗ್ತದಾ? ನೋಡ್ಬುಟ್ಟು ಹೇಳು." ಕೈ ನಡುಗುತ್ತಿರಲಿಲ್ಲ.

ನಾನು ಗೇಜು ತೆಗೆದುಕೊಂಡು ಪದರದ ದಪ್ಪ ಅಳೆದೆ. ಇನ್ನೊಬ್ಬ ಸ್ಪ್ರೇಯವನ ಟ್ಯಾಂಕಿಗಿಂತ ಅಕ್ಕನದೇ ಸಮವಾಗಿತ್ತು. ಯಜಮಾನರು ಗೇಜನ್ನು ನಂಬಲಿಲ್ಲ. ಸರಿ, ಬೇರೆ ದಾರಿ ಹಿಡಿದೆ. ಜೇಡಿಮಣ್ಣು ಬದಲಿಸಿದೆ. ಉಕ್ಕು ತೊಳೆಯುವ ಆಸಿಡ್ ತೊಟ್ಟಿಯನ್ನು ಖಾಲಿ ಮಾಡಿಸಿ ಹೊಸದಾಗಿ ತುಂಬಿಸಿದೆ. ಒಲೆಯ ಕಾವು ಏರಿಸಿದೆ, ಸಿಡಿತ ಇನ್ನೂ ಹೆಚ್ಚಿತು. ಇಳಿಸಿದೆ, ಗಾಜು ಸರಿಯಾಗಿ ಕರಗದೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಅಲ್ಲಲ್ಲಿ ಮುದುಡಿಕೊಂಡು ಮಧ್ಯೆ ಮಧ್ಯೆ ಬೋಳು ಉಕ್ಕು ಕಾಣಿಸಿತು. ಒಲೆ ನಡೆಸುವ ಒಲೆಯಣ್ಣ ತೆಲುಗಿನವನು. ನಾನು ದಿನಕ್ಕೊಂದು ಕಾವು ಹೇಳುವುದನ್ನು ಕೇಳಿ ಕೇಳಿ ಕೊನೆಗೆ, "ಮೇಡಂ, ನಾಳೆ ಏನ್ ಇಡ್ಲಿ ಬೇಯಿಸ್ಬೇಕಾ?" ಎಂದ. ನನಗೆ ನಗು ಬರಲಿಲ್ಲ.

ಏನೇ ಬದಲಿಸಿದರೂ ಫಲ ಗೊತ್ತಾಗುವುದು ಎರಡು ದಿನ ಬಿಟ್ಟು. ಅಷ್ಟು ಹೊತ್ತಿಗೆ ನಾನು ಇನ್ನೇನೋ ಬದಲಿಸಿರುತ್ತಿದ್ದೆ. ಯಾವುದರಿಂದ ಏನಾಯಿತು ಎಂದು ನನಗೇ ತಿಳಿಯದ ಹಾಗಾಯಿತು. ಮನೆಯಲ್ಲಿ ಫ್ರಿಜ್ಜು ಟಿಕ್ ಅಂದರೂ ಬೆಚ್ಚಿಬೀಳುತ್ತಿದ್ದೆ.

ಒಂದು ಗುಮಾನಿ ಮಾತ್ರ ಮೊದಲಿನಿಂದ ಇತ್ತು. ಈ ಅರ್ಧಚಂದ್ರದ ಸಿಡಿತಕ್ಕೆ ನಮ್ಮ ಕಸುಬಿನಲ್ಲಿ ಮೀನಿನ ಹುರುಪೆ ಎನ್ನುತ್ತಾರೆ. ಕಾದ ಉಕ್ಕಿಗೆ ನೀರಾವಿ ತಾಕಿದರೆ ಉಕ್ಕು ಆವಿಯನ್ನು ಮುರಿದು ಅದರ ಹೈಡ್ರೋಜನ್ನನ್ನು ನುಂಗಿಬಿಡುತ್ತದೆ. ಬಿಸಿಯಿದ್ದಾಗ ಅರಗುತ್ತದೆ. ಆರಿದ ಮೇಲೆ ಉಕ್ಕಿಗೆ ಅದನ್ನು ಇಟ್ಟುಕೊಳ್ಳಲಾಗದು, ಹೊರಹೋಗೋಣವೆಂದರೆ ಮೇಲೆ ಗಾಜು ಬಾಗಿಲು ಹಾಕಿರುತ್ತದೆ. ಅನಿಲ ಗಾಜಿನಡಿಯಲ್ಲಿ ಸೇರುತ್ತಾ ಸೇರುತ್ತಾ ಒತ್ತಿ ಒಂದು ದಿನ ಸಿಡಿಯುತ್ತದೆ. ಗಾಜು ಗಟ್ಟಿಯಾಗಿ ಹಿಡಿದಿದ್ದರೂ ಸಿಡಿಯುತ್ತದೆ. ಅದೆಲ್ಲ ಸರಿ, ಆದರೆ ನೀರು ಎಲ್ಲಿಂದ ಬಂತು? ರಾತ್ರಿಯಿಡೀ ಒಣಗಿದ ಟ್ಯಾಂಕು. ಒಲೆಗೆ ಗಾಳಿ ಕೊಡುವ ಕೊಳವೆಗಳನ್ನು ಬಿಚ್ಚಿ ನೋಡಿದೆ, ಒಣಗಿದ್ದವು. ಕೊನೆಗೆ ಹೊಸೂರಿನ ಮಂಜನ್ನು ಬೈದುಕೊಂಡೆ. ಮಂಜು ಪ್ರತಿ ವರ್ಷವೂ ಬೀಳುತ್ತದೆ, ಟ್ಯಾಂಕು ಸಿಡಿದದ್ದು ಈ ವರ್ಷ.

ಅಷ್ಟರಲ್ಲಿ ಆನೆಗಳು ಬಂದವು. ಜವಳಗಿರಿ ಕಾಡಿನಿಂದ ಇಳಿದ ಹಿಂಡು ರಾಗಿ ಹೊಲಗಳನ್ನು ಮುಗಿಸಿಕೊಂಡು ರಾಯಕೋಟೆ ರಸ್ತೆಯ ಮೇಲೆ ನಿಂತುಬಿಟ್ಟಿತ್ತು. ಫಾರೆಸ್ಟಿನವರು ಬಸ್ಸುಗಳನ್ನು ತಡೆದರು. ಅಕ್ಕ ಕೆಲಸಕ್ಕೆ ಬಂದಾಗ ಹೊತ್ತು ನೆತ್ತಿಗೇರುತ್ತಿತ್ತು. ಒಲೆಯಣ್ಣ ಕಾಯದೆ ಮೊದಲ ಲೋಡು ಇಟ್ಟು ತೆಗೆದಿದ್ದ.

ಆ ಲೋಡಿನ ಒಂದು ಟ್ಯಾಂಕೂ ಸಿಡಿಯಲಿಲ್ಲ. ಎರಡು ದಿನ ಕಾದೆ, ಮೂರನೆಯ ದಿನವೂ ಕಿವಿ ಹಚ್ಚಿ ಕೂತೆ. ಸದ್ದಿಲ್ಲ. ಯಜಮಾನರು ಗೆದ್ದವರ ಹಾಗೆ ನಗುತ್ತಾ ಬಂದರು.

"ನಾನ್ ಏನಂದೆ? ಅಕ್ಕ ಬರ್ಲಿಲ್ಲ, ಟ್ಯಾಂಕು ಒಡೀಲಿಲ್ಲ. ಇನ್ನೇನ್ ಬೇಕು ನಿಮ್ಗೆ?"

"ಆ ಟ್ಯಾಂಕುಗಳಿಗೂ ಹಿಂದಿನ ಸಂಜೆ ಸ್ಪ್ರೇ ಹೊಡೆದದ್ದು ಅಕ್ಕನೇ ಅಲ್ವಾ ಸಾರ್?" ಎಂದೆ.

ಅವರ ನಗು ನಿಂತಿತು. ಅಕ್ಕನ ಕೈ ತಪ್ಪಲ್ಲ ಎಂದು ತೋರಿಸಿದೆ ನಿಜ, ಆದರೆ ಅಕ್ಕ ಇಲ್ಲದ ಬೆಳಿಗ್ಗೆ ಟ್ಯಾಂಕು ಉಳಿಯಿತು ಎಂಬುದೂ ನಿಜ. ಹಾಗಾದರೆ ಬೆಳಿಗ್ಗೆ ಅವಳು ಮಾಡುವುದಾದರೂ ಏನು?

ಮಾರನೆಯ ದಿನ ಅವಳ ಬಸ್ಸಿಗಿಂತ ಮುಂಚೆ ಹೋಗಿ ಸ್ಟೋರಿನ ಮೆಟ್ಟಿಲ ಮೇಲೆ ಕೂತೆ. ಅಕ್ಕ ಬಂದಳು. ಕೊಡದಲ್ಲಿ ನೀರು ತಂದಳು, ಒಲೆಯ ಮುಂದೆ ಚಿಮುಕಿಸಿ ಗುಡಿಸಿದಳು, ಮತ್ತೆ ಚಿಮುಕಿಸಿದಳು. ಧನುರ್ಮಾಸವಾದ್ದರಿಂದ ದೊಡ್ಡ ರಂಗೋಲಿ, ಒಲೆಯ ಬಾಗಿಲಿನಷ್ಟೇ ಅಗಲ, ಅಷ್ಟಗಲಕ್ಕೂ ನೀರು. ಚುಕ್ಕೆ ಇಟ್ಟು, ಗೆರೆ ಎಳೆದು, ಪಕ್ಕದಲ್ಲಿ ಊದುಬತ್ತಿ ಸಿಕ್ಕಿಸಿ, ಕೈಮುಗಿದಳು. ನಾನು ಕಣ್ಣು ಮಿಟುಕಿಸದೆ ನೋಡಿದೆ. ನನಗೆ ಏನೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅರ್ಧ ಗಂಟೆ ಮುಂಚೆ ನಮ್ಮ ಬಾಡಿಗೆ ಮನೆಯ ಮುಂದೆ ನಾನೂ ಅದನ್ನೇ ಮಾಡಿ ಬಂದಿದ್ದೆ. ಎದ್ದು, ರಂಗೋಲಿ ತುಳಿಯದ ಹಾಗೆ ಸೀರೆ ಎತ್ತಿಕೊಂಡು ದಾಟಿ, ಒಲೆಯಣ್ಣನಿಗೆ ಲೋಡು ಇಡಲು ಹೇಳಿದೆ.

ಅವನು ಬಾಗಿಲು ಎತ್ತಿದ. ಕಾವು ಮುಖಕ್ಕೆ ಹೊಡೆಯಿತು. ಮುಖ ತಿರುಗಿಸಿಕೊಂಡಾಗ ಊದುಬತ್ತಿ ಕಣ್ಣಿಗೆ ಬಿತ್ತು. ನೆಟ್ಟಗೆ ಮೇಲೇರುತ್ತಿದ್ದ ಹೊಗೆ ಬಾಗಿ, ನೆಲಕ್ಕೆ ಒರಗಿ, ಒದ್ದೆ ರಂಗೋಲಿಯ ಮೇಲೆ ಹಾಯ್ದು ಸೀದಾ ಒಲೆಯ ಬಾಯೊಳಗೆ ಹೋಗುತ್ತಿತ್ತು. ಬಿಸಿ ಗಾಳಿ ಬಾಗಿಲ ಮೇಲ್ಗಡೆಯಿಂದ ಹೊರಕ್ಕೆ, ತಣ್ಣನೆಯ ಗಾಳಿ ನೆಲದ ಮೇಲಿನಿಂದ ಒಳಕ್ಕೆ. ರಂಗೋಲಿಯ ಸುತ್ತಲಿನ ನೆಲ ನನ್ನ ಕಣ್ಣೆದುರೇ ಒಣಗಿ ಬೆಳ್ಳಗಾಯಿತು. ಕೊಡದ ನೀರೆಲ್ಲ ಟ್ಯಾಂಕುಗಳ ಜೊತೆಗೇ ಒಲೆಯೊಳಕ್ಕೆ ಹೋಗಿತ್ತು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಅಕ್ಕನದು ತಪ್ಪಲ್ಲ ಎಂದು ಹಟ ಹಿಡಿದು, ಕೊನೆಗೆ ಅವಳ ಕೊಡವನ್ನೇ ಹಿಡಿದು ತಂದಂತಾಯಿತಲ್ಲ. ಅದೂ ಅಲ್ಲದೆ ಅಕ್ಕ ನೀರು ಚಿಮುಕಿಸುವುದು ಇವತ್ತು ನೆನ್ನೆಯದಲ್ಲ. ಇಷ್ಟು ವರ್ಷ ಸುಮ್ಮನಿದ್ದ ನೀರು ಈಗ ಯಾಕೆ ಕಚ್ಚಿತು?

ಟ್ಯಾಂಕು ಮಾಡುವ ಉಕ್ಕಿನ ತಗಡು ಈ ವರ್ಷ ಹೊಸದು ಎಂಬುದು ನೆನಪಾಗಿ, ಯಾರಿಗೂ ಹೇಳದೆ ಇನ್ನೊಂದು ಪರೀಕ್ಷೆ ಮಾಡಿದೆ. ಸೈಕಲ್ ಸ್ಟ್ಯಾಂಡಿನ ಮಾಡಿಗೆ ಹೊದಿಸಿದ್ದ ಹಿಂದಿನ ವರ್ಷದ ತಗಡಿನ ಚೂರೊಂದನ್ನು ಕಿತ್ತು ತೊಳೆಸಿ, ಈ ವರ್ಷದ ತಗಡಿನ ಚೂರಿನ ಜೊತೆ ಒಂದೇ ಹಿಟ್ಟು ಬಳಿದು, ಅಕ್ಕನ ನೀರು ಬಿದ್ದ ಬೆಳಿಗ್ಗೆ ಮೊದಲ ಲೋಡಿನಲ್ಲಿ ಇಡಿಸಿದೆ. ಹೊಸದು ಹುರುಪೆ ಎದ್ದಿತು. ಹಳೆಯದು ತೆಪ್ಪಗಿತ್ತು. ಹೊಸ ತಗಡು ನೋಡಲು ಚೊಕ್ಕ, ನಯ. ಬಂದಾಗ ನಾನೇ ಮೆಚ್ಚಿದ್ದೆ. ಹಳೆಯ ತಗಡಿನ ಮೈಯೊಳಗೆ ಕಣ್ಣಿಗೆ ಕಾಣದ ಸಂದುಗೊಂದುಗಳಿದ್ದು, ನುಂಗಿದ ಅನಿಲ ಅಲ್ಲಿ ಅಡಗಿಕೊಂಡಿರುತ್ತಿತ್ತೇನೋ. ಹೊಸತರಲ್ಲಿ ಅಡಗಲು ಜಾಗವಿಲ್ಲ. ಏನೋ ಎಂದು ಯಾಕೆ ಬರೆದೆನೆಂದರೆ, ಉಕ್ಕನ್ನು ಸೀಳಿ ಒಳಗೆ ನೋಡುವ ಯಂತ್ರ ನಮ್ಮಲ್ಲಿಲ್ಲ. ಧನುರ್ಮಾಸದ ದೊಡ್ಡ ರಂಗೋಲಿಯೂ ಅದೇ ಹೊತ್ತಿಗೆ ಬಂದಿತ್ತು. ತಗಡು, ನೀರು, ತಿಂಗಳು, ಎಲ್ಲ ಒಟ್ಟಿಗೆ ಸೇರಿಕೊಂಡು ನನ್ನನ್ನು ಆಡಿಸುತ್ತಿದ್ದವು.

ಯಜಮಾನರಿಗೆ ಹೇಳುವ ಮುಂಚೆ ಅಕ್ಕನಿಗೆ ಹೇಳುವುದೆಂದು ತೀರ್ಮಾನಿಸಿದೆ. ಟೀ ಹೊತ್ತಿನಲ್ಲಿ ಅವಳನ್ನು ಒಲೆಯ ಮುಂದೆ ಕರೆದು, ಊದುಬತ್ತಿ ಹಚ್ಚಿ ಹೊಗೆ ತೋರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಹೊಗೆಯನ್ನೇ ನೋಡುತ್ತಾ ನಿಂತಳು.

"ಅಂಗಾದ್ರೆ ನನ್ ಕೈಯಲ್ಲ."

"ಅಲ್ಲವೇ ಅಲ್ಲ. ನಾಳೆಯಿಂದ ನೀರು, ರಂಗೋಲಿ ಬೇಡ, ಅಷ್ಟೇ."

ಅವಳ ಮುಖ ಗಂಟಿಕ್ಕಿತು. "ಅದೆಂಗಮ್ಮ ಆಯ್ತದೆ? ಬೋಳು ನೆಲದ ಮುಂದೆ ಬಾಗ್ಲು ತೆಗ್ಯೋದಾ? ಸಾವಾದ್ ಮನೆ ಮುಂದೆ ಅಂಗಿರ್ತದೆ, ರಂಗೋಲಿ ಇಲ್ದೆ. ಇಷ್ಟ್ ಬೆಂಕಿ ಮುಂದೆ ನಿಂತ್ಕೊಳ್ಳೋರು ಸಾಯಂತ್ರ ಮನೆಗೆ ನೆಟ್ಟಗೆ ಹೋಗ್ಲಿ ಅಂತ ತಾನೆ ನಾನಿಡೋದು? ನಿಮ್ ಮನೆ ಮುಂದೆ ಬಿಡ್ತೀಯಾ ನೀನು?"

ನಾನು ಬಿಡುವುದಿಲ್ಲ. ಹಾಗೆಂದು ಹೇಳಲೂ ಇಲ್ಲ. ಒಣ ನೆಲದ ಮೇಲೆ ಇಡು ಎಂದೆ. ಒಣ ಸಿಮೆಂಟಿನ ಮೇಲೆ ಪುಡಿ ನಿಲ್ಲುತ್ತದಾ, ಬಾಗಿಲು ತೆಗೆದರೆ ಹಾರಿಹೋಗುತ್ತದೆ ಎಂದಳು. ಅದೂ ಸರಿಯೇ. ಕೊನೆಗೆ, "ಪ್ಯಾಕಿಂಗಿಗೇ ಹೋಯ್ತೀನಿ ಬುಡು. ಬೋಳ್ ಒಲೆ ನೋಡ್ಕೊಂಡ್ ನಾನ್ ಕೆಲ್ಸ ಮಾಡಲ್ಲ," ಎಂದು ಟವೆಲು ಕೊಡವಿಕೊಂಡು ಹೋಗಿಬಿಟ್ಟಳು. ನನಗೆ ಅವಳ ಮೇಲೆ ಸಿಟ್ಟು, ಅವಳಿಗಿಂತ ನನ್ನ ಮೇಲೆ ಸಿಟ್ಟು. ಯಾರನ್ನು ಉಳಿಸಬೇಕೆಂದು ಒದ್ದಾಡಿದೆನೋ ಅವಳೇ ಎದ್ದುಹೋಗುತ್ತಿದ್ದಳು.

ಯಜಮಾನರಿಗೆ ಎರಡೂ ಚೂರು ತಗಡು ತೋರಿಸಿ ಹೇಳಿದೆ. ಅವರು ತಗಡನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಂಗಾದ್ರೆ ತಪ್ಪು ತಗಡಿಂದಾ, ನೀರಿಂದಾ? ಒಂದ್ ಹೇಳಿ."

"ಎರಡೂ ಸೇರಿದರೆ ಸಿಡಿಯುತ್ತೆ ಸಾರ್. ಒಂದೊಂದೇ ಇದ್ದರೆ ಇಲ್ಲ."

"ಇದೇನ್ ಮೇಡಂ ನೀವು, ಯಾರ್ನ ಬೈಯ್ಬೇಕು ಅಂತ ಗೊತ್ತಾಗ್ದಂಗೆ ಮಾಡ್ಬುಟ್ರಿ." ತಂದ ತಗಡನ್ನು ಬಿಸಾಡಲು ಅವರು ತಯಾರಿರಲಿಲ್ಲ. ಕೊನೆಗೆ ಒಂದು ಮಾತಿಗೆ ಬಂದರು. ನಾಳೆ ನೀರಿಲ್ಲದೆ ಮೊದಲ ಲೋಡು, ಅಕ್ಕನದೇ ಸ್ಪ್ರೇ. ಅದು ಉಳಿದರೆ ಅಕ್ಕ ಗನ್ನು ಹಿಡಿಯಲಿ. ಒಂದೇ ಒಂದು ಟಿಕ್ ಅಂದರೂ ಪ್ಯಾಕಿಂಗು. ಅಕ್ಕನೇ ಪ್ಯಾಕಿಂಗಿಗೆ ಹೊರಟಿದ್ದಾಳೆ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಸಂಜೆ ಸ್ಪ್ರೇ ಕೋಣೆಗೆ ಹೋದೆ. ಅಕ್ಕ ಟ್ಯಾಂಕುಗಳನ್ನು ಮುಗಿಸಿದ್ದಳು. ನಾನು ಬಂದದ್ದನ್ನು ನೋಡಿಯೂ ನೋಡದವಳ ಹಾಗೆ ಗನ್ನು ತೊಳೆದಳು. ಆಮೇಲೆ ಕಸದ ರಾಶಿಯಿಂದ ಚೌಕದ ಒಂದು ತಗಡು ಎಳೆದು, ಒರೆಸಿ, ಕಪ್ಪು ಹಿಟ್ಟು ಹೊಡೆದು ಒಣಗಲು ಬಿಟ್ಟಳು. ಒಣಗಿದ ಮೇಲೆ, ಟ್ಯಾಂಕಿನ ಹೊರಗಡೆ ನಂಬರು ಬರೆಯಲು ಇಟ್ಟಿದ್ದ ಬಿಳಿ ಗಾಜಿನ ಹಿಟ್ಟಿಗೆ ಬೆರಳದ್ದಿ ಚುಕ್ಕೆ ಇಡತೊಡಗಿದಳು. ಸಾಲಾಗಿ ಚುಕ್ಕೆ, ಚುಕ್ಕೆಯ ಸುತ್ತ ಬಳಸಿ ಬರುವ ಗೆರೆ. ಒಮ್ಮೆಯೂ ಬೆರಳು ತಡೆಯಲಿಲ್ಲ.

"ನಾಳೀಕೆ ಇದ್ನೂ ಒಳಗಿಡು ಅಂತ ಅವ್ನಿಗೇಳು," ಎಂದಳು. "ಬೆಂದ ಮೇಲೆ ಒಲೆ ಮುಂದೆ ಹಾಕಾನ. ನೀರೂ ಬೇಡ, ಅಳಿಸೋದೂ ಬೇಡ. ನಾಳೆ ಒಂದ್ ದಿನ ಬೋಳಾಗಿರ್ತದೆ. ಒಂದ್ ದಿನ ತಡ್ಕೊತೀನಿ."

ನನಗೆ ಕಣ್ಣು ತುಂಬಿ ಬಂತು. ಗಾಜಿನ ದೂಳು ಬಿತ್ತು ಎಂದು ಒರೆಸಿಕೊಂಡೆ.

ಬೆಳಿಗ್ಗೆ ಅಕ್ಕ ಒಲೆಯ ಕಡೆಗೆ ಬರಲೇ ಇಲ್ಲ, ಗೇಟಿನ ಹತ್ತಿರವೇ ನಿಂತಿದ್ದಳು. ಲೋಡು ಹೊರಬಂತು. ಟ್ಯಾಂಕುಗಳು ಕೆಂಪಗೆ ಹೊಳೆದು, ಮಸುಕಾಗಿ, ಕಪ್ಪು ನೀಲಿಗೆ ತಿರುಗಿದವು. ರಂಗೋಲಿಯ ತಗಡೂ ಬೆಂದು ಬಂತು, ಕಪ್ಪಿನ ಮೇಲೆ ಬಿಳಿ ಗೆರೆಗಳು ನಿನ್ನೆ ಬೆರಳು ಹೋದ ಹಾಗೆಯೇ ಇದ್ದವು. ಆರಿದ ಮೇಲೆ ಎಲ್ಲವನ್ನೂ ಗೋಡೌನಿನಲ್ಲಿ ಒಂದು ಕಡೆ ಇಟ್ಟು ಕಾಯಲು ಕೂತೆವು. ಯಜಮಾನರು ಊಟಕ್ಕೆ ಮುಂಚೆ, ಊಟದ ಮೇಲೆ ಬಂದು ಕಿವಿ ಹಚ್ಚಿದರು. ಒಲೆಯಣ್ಣ ಬಂದ. ಅಕ್ಕ ಮಾತ್ರ ಬಾಗಿಲಲ್ಲಿ ನಿಂತು ನಮ್ಮ ಮುಖಗಳನ್ನು ನೋಡಿ ಹೋಗುತ್ತಿದ್ದಳು. ಒಂದು ದಿನ ಕಳೆಯಿತು, ಎರಡನೆಯದೂ ಕಳೆಯಿತು. ಟ್ಯಾಂಕುಗಳಲ್ಲಿ ಉಸಿರಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾವು ನಾಲ್ವರೂ ಅಲ್ಲಿದ್ದಾಗ ಟಿಕ್ ಎಂದಿತು.

ನಾನು ಬ್ಯಾಟರಿ ಹಿಡಿದು ಒಂದೊಂದೇ ಟ್ಯಾಂಕು ನೋಡುತ್ತಾ ಹೋದೆ. ಎಲ್ಲವೂ ಕನ್ನಡಿಯ ಹಾಗಿದ್ದವು. ಗೋಡೆಗೆ ಒರಗಿಸಿದ್ದ ರಂಗೋಲಿಯ ತಗಡಿನಲ್ಲಿ, ನಡುವಿನ ಒಂದು ಚುಕ್ಕೆ ಹಾರಿಹೋಗಿತ್ತು. ಅಲ್ಲಿ ಉಗುರಿನಷ್ಟು ಗುಳಿ.

ಯಜಮಾನರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. "ಇದ್ ಲೆಕ್ಕಕ್ಕಿಲ್ಲ ಬುಡಿ," ಎಂದು ಹೊರಟುಹೋದರು. ಜನವರಿ ಕೊನೆಗೆ ಪಾರ್ಟಿ ಕಡೆಯವರು ಬಂದಾಗ ಟ್ಯಾಂಕಿನೊಳಕ್ಕೆ ಬ್ಯಾಟರಿ ಹಿಡಿದು ತೋರಿಸಿದ್ದು ಅಕ್ಕನೇ.

ಆ ಒಂದು ಚುಕ್ಕೆ ಯಾಕೆ ಹಾರಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಿಳಿ ಹಿಟ್ಟು ಅಲ್ಲಿ ದಪ್ಪವಾಗಿತ್ತೇ, ಕೆಳಗಿನ ಕಪ್ಪು ಸರಿಯಾಗಿ ಒಣಗಿರಲಿಲ್ಲವೇ, ಇಲ್ಲ ನಾನು ಕಟ್ಟಿದ ಕಾರಣವೇ ಅರೆಬರೆಯೇ? ಇನ್ನೊಂದು ಮಾಡೋಣ ಅಕ್ಕ, ಇದು ಊನ ಆಯ್ತು ಎಂದೆ. ಬೇಡ ಎಂದಳು. ತಗಡನ್ನು ಒಲೆಯ ಮುಂದೆ ನೆಲಕ್ಕೆ ಕೂರಿಸಿದ್ದಾರೆ. ಪ್ರತಿ ಬೆಳಿಗ್ಗೆ ಅಕ್ಕ ಮೊದಲ ಬಸ್ಸಿಗೆ ಬಂದು, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಚಿಟಿಕೆ ರಂಗೋಲಿ ಪುಡಿಯನ್ನು ಆ ಗುಳಿಗೆ ತುಂಬಿ ಬೆರಳಿನಿಂದ ಒತ್ತುತ್ತಾಳೆ. ಗುಳಿಯಲ್ಲಿ ಪುಡಿ ನಿಲ್ಲುತ್ತದೆ, ನೀರು ಬೇಕಾಗುವುದಿಲ್ಲ. ಆಮೇಲೆ ಕೈಮುಗಿದು, ಒಲೆಯಣ್ಣನ ಕಡೆ ತಿರುಗುತ್ತಾಳೆ.

"ತೆಗಿ ಕಣ್ಲಾ ಬಾಗ್ಲು."